ಸ್ಕಿಜೋಫ್ರೀನಿಯವೂ ಕುಟುಂಬದ ವೈದ್ಯರೂ

ಸ್ಕಿಜೋಫ್ರೀನಿಯ ಎಂಬ ಮನೋವ್ಯಾಧಿಗೆ ಕನ್ನಡದಲ್ಲಿ ಚಿತ್ತವಿಕಲತೆ ಎಂಬ ಹೆಸರೂ ಉಂಟು. ಇಲ್ಲದ ಧ್ವನಿಗಳು ಕಿವಿಗೆ ಬೀಳುವುದು, ಆಧಾರವಿಲ್ಲದ ಸಂಶಯಗಳು ಅಚಲವಾದ ನಂಬಿಕೆಗಳಾಗಿ ನಿಲ್ಲುವುದು, ಮಾತಿನ ಸಂಬದ್ಧತೆ ತಪ್ಪುವುದು, ಉತ್ಸಾಹವೂ ಜನಸಂಪರ್ಕವೂ ಕುಗ್ಗುವುದು ಇದರ ಮುಖ್ಯ ಲಕ್ಷಣಗಳು. ಸಾಮಾನ್ಯವಾಗಿ ತಾರುಣ್ಯದಲ್ಲಿ ತಲೆದೋರುವ ಈ ವ್ಯಾಧಿಯು ಅನೇಕರಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಚಿಕಿತ್ಸೆಯೂ ದೀರ್ಘಕಾಲದ್ದಾಗಿರುತ್ತದೆ. ಇದರಲ್ಲಿ ಕುಟುಂಬದ ವೈದ್ಯರ ಪಾತ್ರವೇನು, ಅದಕ್ಕಾಗಿ ಅವರಿಗೆ ಎಂಥ ಶಿಕ್ಷಣ ಬೇಕು ಎಂಬುದನ್ನು ನಾವು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ನಿವಾಸಿಗಳಿಗೆ ಈ ಪ್ರಶ್ನೆಯೇ ಅನಾವಶ್ಯಕವೆಂದು ತೋರಬಹುದು. ದೇಶಕ್ಕೇ ಹೆಸರಾದ ನಿಮ್ಹಾನ್ಸ್ ಸಂಸ್ಥೆಯು ಹೊಸೂರು ರಸ್ತೆಯಲ್ಲಿ, ಅವರ ಸಮೀಪದಲ್ಲಿಯೇ ಇರುವಾಗ, ಬಡಾವಣೆಯ ವೈದ್ಯರಿಂದ ಆಗಬೇಕಾದುದೇನು? ಆದರೆ ತಜ್ಞರ ಭೇಟಿಯು ಆಗೊಮ್ಮೆ ಈಗೊಮ್ಮೆ ಮಾತ್ರ. ಉಳಿದ ದಿನಗಳಲ್ಲಿ ಜ್ವರಕ್ಕಾಗಲಿ, ತಾಯಿಯ ರಕ್ತದೊತ್ತಡಕ್ಕಾಗಲಿ ಆ ಕುಟುಂಬವು ಹೋಗುವುದು ಪಕ್ಕದ ರಸ್ತೆಯ ವೈದ್ಯರಲ್ಲಿಗೆ. ಮಾತ್ರೆ ನಿಂತುಹೋದುದಾಗಲಿ, ನಿದ್ರೆ ಕೆಟ್ಟುದಾಗಲಿ ಮೊದಲು ತಿಳಿದುಬರುವ ಅವಕಾಶವಿರುವುದು ಅಲ್ಲಿಯೇ. ಆಸ್ಪತ್ರೆಯ ಸಾಮೀಪ್ಯವು ಆರೈಕೆಯ ಸಾತತ್ಯಕ್ಕೆ ಸಮನಾಗಲಾರದು.

ನಿಮ್ಹಾನ್ಸಿನ ಇತಿಹಾಸವೇ ಈ ಮಾತಿಗೆ ಸಾಕ್ಷಿ. 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸರ್ಕಾರದ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದುಗೂಡಿದುದರಿಂದ ಅದು ರೂಪುಗೊಂಡಿತು. ಮರುವರ್ಷವೇ ಅಲ್ಲಿ ಸಮುದಾಯ ಮನೋವೈದ್ಯ ವಿಭಾಗವು ಆರಂಭವಾಯಿತು. ಬನ್ನೇರುಘಟ್ಟಕ್ಕೆ ಸಮೀಪದ ಸಕಲವಾರದ ಕೇಂದ್ರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಾವಧಿಯ ಶಿಕ್ಷಣವನ್ನೀಯುವ ಕ್ರಮವು ಬೆಳೆದುಬಂದಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವು, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹಳ್ಳಿಯ ವೈದ್ಯರಿಗೆ ಸಾಧ್ಯವಾದುದು ನಗರದ ವೈದ್ಯರಿಗೆ ಅಸಾಧ್ಯವೆನ್ನಲು ಕಾರಣವಿಲ್ಲ.

ಈ ಶಿಕ್ಷಣದಲ್ಲಿ ನಾಲ್ಕು ಅಂಶಗಳು ಮುಖ್ಯವೆಂದು ನಮ್ಮ ಅಭಿಪ್ರಾಯ. ಮೊದಲನೆಯದು ಗುರುತಿಸುವಿಕೆ. ಓದಿನಲ್ಲಿ ಹಿಂದೆ ಬಿದ್ದು, ಕೋಣೆ ಸೇರಿ, ಒಬ್ಬನೇ ಮಾತನಾಡಿಕೊಳ್ಳುವ ತರುಣನ ಸ್ಥಿತಿಯನ್ನು ಸೋಮಾರಿತನವೆಂದೋ ಗ್ರಹಚಾರವೆಂದೋ ಬಗೆಯದೆ, ಧ್ವನಿ ಕೇಳಿಸುವುದೇ, ಯಾರಾದರೂ ಕೇಡು ಬಗೆಯುತ್ತಿರುವಂತೆ ತೋರುವುದೇ ಎಂದು ಮೃದುವಾಗಿ ವಿಚಾರಿಸಬೇಕು. ಸಾಯಬೇಕೆಂಬ ಯೋಚನೆ ಬರುವುದೇ ಎಂದೂ ಕೇಳಬೇಕು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಎರಡನೆಯದು ಔಷಧದ ಸಾತತ್ಯ. ಗುಣ ಕಂಡೊಡನೆ ಮಾತ್ರೆ ಬಿಟ್ಟವರಲ್ಲಿ ವ್ಯಾಧಿಯು ಮರುಕಳಿಸುವ ಸಂಭವ ಹೆಚ್ಚು. ಬಿಡುವುದಕ್ಕೆ ಕೈನಡುಕ, ಸ್ನಾಯುಗಳ ಬಿಗಿತ, ಕುಳಿತಲ್ಲಿ ಕುಳಿತಿರಲಾರದ ಚಡಪಡಿಕೆಗಳೇ ಎಷ್ಟೋ ವೇಳೆ ಕಾರಣ. ಇವು ಔಷಧದ ಪಾರ್ಶ್ವಪರಿಣಾಮಗಳೆಂದು ಬಲ್ಲ ವೈದ್ಯರು ರೋಗಿಯನ್ನು ಗದರಿಸದೆ, ತಜ್ಞರೊಡನೆ ಸಮಾಲೋಚಿಸಿ ಪರಿಹಾರ ಹುಡುಕಬಲ್ಲರು.

ಮೂರನೆಯದು ಶರೀರದ ಆರೈಕೆ. ಈ ರೋಗಿಗಳ ಆಯುಸ್ಸು ಇತರರಿಗಿಂತ ಕಡಮೆ. ಹೃದ್ರೋಗವು ಅದರ ದೊಡ್ಡ ಕಾರಣಗಳಲ್ಲೊಂದು. ಓಲಾಂಜಪೀನ್ ಮೊದಲಾದ ಔಷಧಗಳಿಂದ ತೂಕವೂ ರಕ್ತದ ಸಕ್ಕರೆಯೂ ಏರಬಹುದು. ಕ್ಲೋಜಪೀನ್ ಸೇವಿಸುವವರ ಬಿಳಿಯ ರಕ್ತಕಣಗಳನ್ನು ಕಾಲಕಾಲಕ್ಕೆ ಎಣಿಸಬೇಕು. ರೋಗಿಯು ಎದೆನೋವೆಂದಾಗ ಅದನ್ನು ಭ್ರಮೆಯೆಂದು ತಳ್ಳಿಹಾಕುವುದು ಪ್ರಾಣಾಪಾಯಕ್ಕೆ ಕಾರಣವಾದೀತು.

ನಾಲ್ಕನೆಯದು ಕುಟುಂಬ. ತಮ್ಮ ಪೋಷಣೆಯ ದೋಷದಿಂದಲೇ ಮಗನಿಗೆ ಹೀಗಾಯಿತೆಂದು ಕೊರಗುವ ತಂದೆತಾಯಿಗಳಿಗೆ, ಅದು ನಿಜವಲ್ಲವೆಂದು ಅವರು ನೆಚ್ಚಿದ ವೈದ್ಯರೇ ಹೇಳಿದರೆ ಆಗುವ ಸಮಾಧಾನ ಅಲ್ಪವಲ್ಲ.

ತಮ್ಮ ಅಧಿಕಾರವನ್ನೂ ಅದರ ಮಿತಿಯನ್ನೂ ವೈದ್ಯರು ಬಲ್ಲವರಾಗಿರಬೇಕು. ರೋಗಿಯ ಅಥವಾ ಇತರರ ಜೀವಕ್ಕೆ ಗಂಡಾಂತರ ಒದಗಿದಾಗ, ನೋಂದಾಯಿತ ವೈದ್ಯರು ಯಾರೇ ಆಗಲಿ, ನಾಮನಿರ್ದೇಶಿತ ಪ್ರತಿನಿಧಿಯು ದೊರೆತಲ್ಲಿ ಅವರ ಸಮ್ಮತಿ ಪಡೆದು, ಗರಿಷ್ಠ 72 ಗಂಟೆಗಳ ತುರ್ತು ಚಿಕಿತ್ಸೆಯನ್ನು ನೀಡಲು 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು ಅವಕಾಶವಿತ್ತಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಎಲ್ಲರಿಗೂ ದೊರೆಯುತ್ತದೆ.

ಕುಟುಂಬದ ವೈದ್ಯರನ್ನು ಮನೋವೈದ್ಯರನ್ನಾಗಿ ಮಾಡುವುದು ಈ ಶಿಕ್ಷಣದ ಗುರಿಯಲ್ಲ. ತಜ್ಞರು ಆರಂಭಿಸಿದ ಚಿಕಿತ್ಸೆಯು ಮನೆಯ ಬಾಗಿಲಲ್ಲಿ ಕಡಿದುಹೋಗದಂತೆ ನೋಡಿಕೊಳ್ಳುವ ಸಾಮರ್ಥ್ಯವನ್ನು ಅವರಿಗೆ ಒದಗಿಸುವುದಷ್ಟೇ ಅದರ ಉದ್ದೇಶ. ಈ ವ್ಯಾಧಿಯು ಬಹುಮಟ್ಟಿಗೆ ಕಾಲೇಜಿನ ವಯಸ್ಸಿನಲ್ಲಿಯೇ ಮೊದಲಾಗುವುದರಿಂದ, ಅದನ್ನು ಮೊದಲು ಕಾಣುವವರು ಅಧ್ಯಾಪಕರೂ ಸಹಪಾಠಿಗಳೂ ಆಗಿರಬಹುದು. ಅಂಥ ವಿದ್ಯಾರ್ಥಿಯನ್ನು ವೈದ್ಯರಲ್ಲಿಗೆ ಕರೆದೊಯ್ಯುವ ಹೊಣೆಯಲ್ಲಿ ಅವರದೂ ಪಾಲುಂಟೆಂದು ನಾವು ಭಾವಿಸುತ್ತೇವೆ.