ಶೃಂಗಾರದ ಪೆಟ್ಟಿಗೆಯಲ್ಲಿ ಹಲಾಲ್

ಪೆರು ದೇಶದ ಒಣ ಬೆಟ್ಟಗಳಲ್ಲಿ ಪಾಪಾಸುಕಳ್ಳಿಯನ್ನು ಆಶ್ರಯಿಸಿ ಬೂದಿ ಬಣ್ಣದ ಒಂದು ಸಣ್ಣ ಕೀಟ ಬದುಕುತ್ತದೆ. ಅದರ ಹೆಸರು ಕೊಚಿನೀಲ್. ಹೆಣ್ಣು ಕೀಟಗಳನ್ನು ಕಳ್ಳಿಯಿಂದ ಕೆರೆದು ತೆಗೆದು, ಒಣಗಿಸಿ, ಪುಡಿಮಾಡಿ ಅದರಿಂದ ಕಾರ್ಮೈನ್ ಎಂಬ ಕಡುಗೆಂಪು ಬಣ್ಣವನ್ನು ಪಡೆಯುತ್ತಾರೆ. ಒಣಗಿದ ಕೀಟ ಒಂದು ಪೌಂಡು ತೂಗಬೇಕಾದರೆ ಸುಮಾರು 70,000 ಜೀವಗಳು ಬೇಕು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಮದರಾಸು ಸೀಮೆಯಲ್ಲಿಯೂ ಇದನ್ನು ಸಾಕಿ ಹಣ ಮಾಡಲು ಹವಣಿಸಿದ್ದರು. ಆದರೆ ಅವರ ಕೈಗೆ ಸಿಕ್ಕಿದ್ದು ಕೀಳು ಜಾತಿಯ ಕೀಟ. ನಿರೀಕ್ಷಿಸಿದ ಬಣ್ಣ ಬರಲಿಲ್ಲ, ಕಳ್ಳಿ ಮಾತ್ರ ನಾಶವಾಯಿತು. ಅದಿರಲಿ. ನಮ್ಮ ಪೇಟೆಯ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿರುವ ಲಿಪ್‌ಸ್ಟಿಕ್ಕುಗಳಲ್ಲಿ ಹಲವಕ್ಕೆ ಕೆಂಪು ಬಂದುದು ಇಂದಿಗೂ ಈ ಕೀಟದಿಂದಲೇ.

ಬಹುಮಂದಿಗೆ ಇದು ಬರಿಯ ಕುತೂಹಲದ ಸಂಗತಿ. ಧರ್ಮನಿಷ್ಠೆಯುಳ್ಳ ಮುಸಲ್ಮಾನ ಮನೆಯ ಹೆಣ್ಣುಮಗಳಿಗೆ ಹಾಗಲ್ಲ. ತುಟಿಗೆ ಬಳಿದುದು ಊಟದೊಡನೆ ಅಷ್ಟಿಷ್ಟು ಹೊಟ್ಟೆಗೂ ಇಳಿಯುತ್ತದೆ. ಮೈಗೆ ಹಚ್ಚಿದ ವಸ್ತು ಅಶುದ್ಧವಾಗಿದ್ದರೆ ನಮಾಜಿಗೆ ಭಂಗ ಬರುತ್ತದೆ. ಆದುದರಿಂದ ಹಲಾಲ್ ಎಂಬ ಮಾತು ಮಾಂಸದಂಗಡಿಗೆ ಮಾತ್ರ ಸಂಬಂಧಪಟ್ಟುದು ಎಂದು ತಿಳಿದವರು ತಮ್ಮ ತಿಳಿವಳಿಕೆಯನ್ನು ಸ್ವಲ್ಪ ವಿಸ್ತರಿಸಿಕೊಳ್ಳಬೇಕಾಗಿದೆ. ಹಲಾಲ್ ಎಂದರೆ ಧರ್ಮಸಮ್ಮತ; ಹರಾಮ್ ಎಂದರೆ ನಿಷಿದ್ಧ. ಇವೆರಡರ ನಡುವೆ ‘ಮಶ್‌ಬೂಹ್’ ಎಂಬ ಸಂಶಯದ ಪ್ರದೇಶವೊಂದಿದೆ. ಪ್ರಸಾಧನ ಸಾಮಗ್ರಿಗಳ ಬಹುಪಾಲು ತಂಟೆಯೆಲ್ಲ ಇರುವುದು ಅಲ್ಲಿಯೇ.

ಸಂಶಯ ಹುಟ್ಟುವುದು ಹೆಸರುಗಳಿಂದ. ಡಬ್ಬಿಯ ಮೇಲೆ ಗ್ಲಿಸರಿನ್ ಎಂದಿರುತ್ತದೆ, ಸ್ಟಿಯರಿಕ್ ಆಮ್ಲ ಎಂದಿರುತ್ತದೆ. ಎರಡೂ ತಾಳೆಯೆಣ್ಣೆಯಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಹೆಸರು ಮೂಲವನ್ನು ಹೇಳುವುದಿಲ್ಲ. ಜೆಲಾಟಿನ್ ಮತ್ತು ಕೊಲಾಜೆನ್‌ಗಳು ದನದವೋ, ಹಂದಿಯವೋ, ಮೀನಿನವೋ? ಅದನ್ನೂ ಚೀಟಿ ತಿಳಿಸದು. ಜೇನುಮೇಣಕ್ಕೆ ಅಡ್ಡಿಯಿಲ್ಲ. ಲ್ಯಾನೊಲಿನ್ ಎಂಬುದು ಜೀವಂತ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡಾದುದರಿಂದ ಅದಕ್ಕೂ ಸಾಮಾನ್ಯವಾಗಿ ಆಕ್ಷೇಪವಿಲ್ಲ. ಆದರೆ ಕಾರ್ಮೈನ್ ವಿಷಯದಲ್ಲಿ ವಿದ್ವಾಂಸರಲ್ಲಿಯೇ ಒಮ್ಮತವಿಲ್ಲ. ಕೀಟ ತಿನ್ನಲರ್ಹವಲ್ಲವೆಂದು ಅನೇಕರು ಅದನ್ನು ದೂರವಿಟ್ಟರೆ, ಇಂಡೊನೇಷ್ಯಾದ ಉಲೇಮಾ ಮಂಡಳಿ 2011ರಲ್ಲಿ ಕೊಚಿನೀಲ್ ಬಣ್ಣ ಹಲಾಲ್ ಎಂದೇ ಫತ್ವಾ ಇತ್ತಿತು. ಬೇಡವೆನ್ನುವವರು ಚೀಟಿಯಲ್ಲಿ ‘ಕಾರ್ಮೈನ್’ ಎಂಬ ಹೆಸರನ್ನಷ್ಟೇ ಹುಡುಕಿದರೆ ಸಾಲದು, ‘ಸಿ.ಐ. 75470’ ಎಂಬ ಸಂಖ್ಯೆಯೂ ಅದೇ ಕೀಟದ ಇನ್ನೊಂದು ವೇಷ.

ಇನ್ನು ಆಲ್ಕೊಹಾಲು. ಭಾಷೆಯ ವಿದ್ಯಾರ್ಥಿಗೆ ಇಲ್ಲೊಂದು ವಿನೋದವಿದೆ. ಈ ಪದ ಹುಟ್ಟಿದ್ದು ಅರಬ್ಬಿಯ ‘ಅಲ್-ಕುಹ್ಲ್’ನಿಂದ; ಕುಹ್ಲ್ ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾ! ನಯವಾದ ಪುಡಿಗಿದ್ದ ಹೆಸರು ಯುರೋಪಿನ ರಸವಾದಿಗಳ ಕೈಸೇರಿ, ಯಾವುದೇ ವಸ್ತುವಿನ ಸಾರಕ್ಕೆ ಹೆಸರಾಗಿ, ಕೊನೆಗೆ ಮದ್ಯಸಾರದ ಹೆಸರಾಗಿ ನಿಂತಿತು. ಶೃಂಗಾರದ ಪೆಟ್ಟಿಗೆಯಿಂದ ಹೊರಟ ಪದ ಈಗ ಅದೇ ಪೆಟ್ಟಿಗೆಯಲ್ಲಿ ಕಲಹ ಹೂಡಿದೆ. ಸೀಟಿಲ್ ಆಲ್ಕೊಹಾಲ್, ಸ್ಟಿಯರಿಲ್ ಆಲ್ಕೊಹಾಲ್ ಎಂಬ ಹೆಸರು ಕಂಡೊಡನೆ ಕ್ರೀಮಿನ ಡಬ್ಬಿಯನ್ನು ಬಿಸುಡುವವರುಂಟು. ಅವು ಮೇಣದಂಥ ಜಿಡ್ಡುಗಳು, ಅಮಲೇರಿಸುವ ವಸ್ತುಗಳಲ್ಲ. ಅವುಗಳ ಬಗೆಗೆ ಕೇಳಬೇಕಾದುದು ಕೊಬ್ಬು ಎಲ್ಲಿಯದು ಎಂದಷ್ಟೆ. ನಿಜವಾದ ಪ್ರಶ್ನೆ ಇರುವುದು ಸುಗಂಧದ ಸೀಸೆಗಳಲ್ಲಿರುವ ಎಥನಾಲಿನದು.

ಅದರಲ್ಲಿಯೂ ಪಂಥಭೇದವುಂಟು. ನಮ್ಮ ನಾಡಿನ ಒಳಭಾಗದ ಮುಸಲ್ಮಾನರಲ್ಲಿ ಹೆಚ್ಚಿನವರು ಹನಫಿ ಪಂಥದವರು. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿ ಪಂಥದವರು. ದ್ರಾಕ್ಷಿ, ಖರ್ಜೂರಗಳಿಂದ ಆದುದಲ್ಲದ ಆಲ್ಕೊಹಾಲನ್ನು ಹೊರಮೈಗೆ ಬಳಸಿದರೆ ದೋಷವಿಲ್ಲವೆಂದು ಇಂದಿನ ಹನಫಿ ವಿದ್ವಾಂಸರಲ್ಲಿ ಅನೇಕರು ಹೇಳುತ್ತಾರೆ. ಶಾಫಿಗಳಲ್ಲಿ ಅಮಲಿನ ದ್ರವವೆಲ್ಲ ಅಶುದ್ಧವೆಂಬ ಕಟ್ಟುನಿಟ್ಟು ಹೆಚ್ಚು. ಇದು ಪಂಡಿತರ ಚರ್ಚೆಯಾಗಿ ಮಾತ್ರ ಉಳಿಯುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಅಕ್ಕನ ಮದುವೆಯ ಸಂಗತಿಯನ್ನು ಹೇಳಿದಳು. ಹೆಣ್ಣಿನವರು ಮಂಗಳೂರಿನ ಕಡೆಯವರು, ಗಂಡಿನವರು ಬೆಂಗಳೂರಿನವರು. ವರನ ತಾಯಿ ಆಸೆಯಿಂದ ಕಳುಹಿಸಿದ ಬೆಲೆಯುಳ್ಳ ಸೆಂಟಿನ ಸೀಸೆಯನ್ನು ಹುಡುಗಿಯ ಅಜ್ಜಿ ‘ಇದು ನಮಗೆ ಸಲ್ಲದು’ ಎಂದು ಮೂಲೆಗಿಟ್ಟರು. ಸುದ್ದಿ ಬೆಂಗಳೂರಿಗೆ ಮುಟ್ಟಿತು. ‘ಹಾಗಾದರೆ ನಾವೇನು ಧರ್ಮ ಬಿಟ್ಟವರೆ?’ ಎಂಬ ಮಾತು ಅಲ್ಲಿಂದ ಬಂದಿತು. ನಿಕಾಹಿಗೆ ಇನ್ನು ಒಂಬತ್ತು ದಿನ. ಎರಡು ಮನೆಯವರೂ ತಂತಮ್ಮ ಪಂಥಕ್ಕನುಸಾರವಾಗಿ ಸರಿಯಾಗಿಯೇ ಇದ್ದರು. ಹಾಗಿದ್ದುದೇ ಕಷ್ಟಕ್ಕೆ ಕಾರಣ! ಕೊನೆಗೆ ಹುಡುಗಿಯ ಸೋದರಮಾವ ಕನೌಜಿನ ಗುಲಾಬಿ ಅತ್ತರನ್ನು ತರಿಸಿ ಎರಡು ಮನೆಗೂ ಹಂಚಿದ ಮೇಲೆ ಮಾತು ತಣ್ಣಗಾಯಿತಂತೆ. ಸಾಂಪ್ರದಾಯಿಕ ಅತ್ತರಿಗೆ ಮದ್ಯಸಾರ ಬೇಡ. ಹೂವಿನ ಆವಿಯನ್ನು ಶ್ರೀಗಂಧದ ಎಣ್ಣೆ ಹೀರಿಕೊಳ್ಳುತ್ತದೆ. ಮೈಸೂರು ಸೀಮೆಯ ಗಂಧದೆಣ್ಣೆಗೆ ಅತ್ತರು ಮಾಡುವವರಲ್ಲಿ ಹೆಸರಿದ್ದುದು ಇದರಿಂದಲೇ.

ಧರ್ಮಶಾಸ್ತ್ರ ಇಲ್ಲಿ ಕುರುಡಾಗಿದೆಯೆಂದು ಯಾರೂ ತಿಳಿಯಬಾರದು. ‘ಇಸ್ತಿಹಾಲ’ ಎಂಬ ತತ್ತ್ವವೊಂದುಂಟು: ವಸ್ತು ಪೂರ್ಣವಾಗಿ ರೂಪಾಂತರ ಹೊಂದಿದರೆ ಹಳೆಯ ಅಶುದ್ಧಿ ಅದಕ್ಕೆ ಅಂಟುವುದಿಲ್ಲ. ಉಪ್ಪಿನ ಗಣಿಯಲ್ಲಿ ಬಿದ್ದ ಕತ್ತೆ ಕಾಲಾಂತರದಲ್ಲಿ ಉಪ್ಪೇ ಆಗಿಹೋದರೆ ಆ ಉಪ್ಪು ಶುದ್ಧವೆಂಬುದು ಹನಫಿ ಗ್ರಂಥಗಳ ಹಳೆಯ ದೃಷ್ಟಾಂತ. ಅಶುದ್ಧವಾದ ಎಣ್ಣೆಯಿಂದ ಮಾಡಿದ ಸಾಬೂನಿಗೂ ಅವರು ಇದೇ ನ್ಯಾಯವನ್ನು ಅನ್ವಯಿಸುತ್ತಾರೆ. ಶಾಫಿಗಳು ಈ ತತ್ತ್ವವನ್ನು ಇಷ್ಟು ವಿಶಾಲವಾಗಿ ಒಪ್ಪುವುದಿಲ್ಲ.

ಉಗುರು ಬಣ್ಣದ ತೊಡಕು ಬೇರೆ ಬಗೆಯದು. ಅದರೊಳಗಿನ ವಸ್ತುಗಳೆಲ್ಲ ಶುದ್ಧವಾಗಿದ್ದರೂ ಪ್ರಶ್ನೆ ತೀರುವುದಿಲ್ಲ. ವುಜೂ ಮಾಡುವಾಗ ನೀರು ಉಗುರನ್ನು ಮುಟ್ಟಬೇಕು. ಬಣ್ಣದ ಪೊರೆ ಅದನ್ನು ತಡೆಯುತ್ತದೆ. ಪೋಲೆಂಡಿನ ಇಂಗ್ಲಾಟ್ ಕಂಪನಿ ಗಾಳಿ ಮತ್ತು ತೇವ ದಾಟಬಲ್ಲ ಬಣ್ಣವನ್ನು ತಯಾರಿಸಿದಾಗ ದೇಶದೇಶಗಳ ಮುಸ್ಲಿಂ ತರುಣಿಯರು ಅದನ್ನು ಹುಡುಕಿಕೊಂಡು ಹೋದರು. ಆದರೆ ಆವಿ ದಾಟುವುದು ಬೇರೆ, ನೀರು ಹರಿದು ತೋಯಿಸುವುದು ಬೇರೆ ಎಂದು ಅನೇಕ ವಿದ್ವಾಂಸರ ಆಕ್ಷೇಪ. ನನಗೆ ಈ ಆಕ್ಷೇಪದಲ್ಲಿ ತಿರುಳಿದೆಯೆಂದು ತೋರುತ್ತದೆ. ನಮಾಜಿನಿಂದ ವಿನಾಯಿತಿಯಿರುವ ದಿನಗಳಲ್ಲಿ ಮಾತ್ರ ಬಣ್ಣ ಹಚ್ಚಿ ಬಳಿಕ ಅಳಿಸಿಬಿಡುವ ರೂಢಿ ಹಲವು ಮನೆಗಳಲ್ಲಿದೆ. ಮದರಂಗಿಗೆ ಈ ಯಾವ ಗೋಜೂ ಇಲ್ಲ. ಅದು ಬಣ್ಣ ಕೊಡುತ್ತದೆ, ಪೊರೆ ಕಟ್ಟುವುದಿಲ್ಲ.

ಕೊಳ್ಳುವವರಿಗೆ ಆಧಾರ ಮುದ್ರೆ. ಮಲೇಷಿಯಾ ದೇಶವು 2008ರಲ್ಲಿ ಪ್ರಸಾಧನ ಸಾಮಗ್ರಿಗಳಿಗೆಂದೇ ಹಲಾಲ್ ಮಾನದಂಡವನ್ನು ಗೊತ್ತುಮಾಡಿತು. ಇಂಡೊನೇಷ್ಯಾದಲ್ಲಿ 1995ರಲ್ಲಿ ಆರಂಭವಾದ ವಾರ್ಡಾ ಆ ದೇಶದ ಹೆಸರಾಂತ ಹಲಾಲ್ ಪ್ರಸಾಧನವಾಗಿ ಬೆಳೆಯಿತು. ಅಲ್ಲಿಯ 2014ರ ಕಾನೂನಿನ ಮೇರೆಗೆ ಪ್ರಸಾಧನ ವಸ್ತುಗಳು ಪ್ರಮಾಣಪತ್ರ ಪಡೆಯಲು ಗೊತ್ತಾದ ಗಡುವು 2026ರ ಅಕ್ಟೋಬರ್. ನಮ್ಮ ದೇಶದಲ್ಲಿ ಅಹಮದಾಬಾದಿನ ಇಬಾ ಎಂಬ ಸಂಸ್ಥೆಯನ್ನು 2014ರಲ್ಲಿ ಹೊರತಂದವರು ಇಬ್ಬರು ಗುಜರಾತಿ ಸೋದರಿಯರು. ಇನ್ನು ‘ಹಲಾಲ್’ ಎಂದು ಹಸಿರು ಅಕ್ಷರದಲ್ಲಿ ಅಚ್ಚು ಹಾಕಿಸುವುದು ಯಾರಿಗೂ ಕಷ್ಟವಲ್ಲ. ಮುದ್ರೆ ಒತ್ತಿದವರು ಯಾರು, ಪ್ರಮಾಣಪತ್ರದ ಅವಧಿ ಮುಗಿದಿದೆಯೇ, ಅದು ಈ ಒಂದು ವಸ್ತುವಿಗೋ ಕಾರ್ಖಾನೆಯ ಸರ್ವಸ್ವಕ್ಕೋ ಎಂದು ವಿಚಾರಿಸಬೇಕು. ಪ್ರಾಣಿಮೂಲವಿಲ್ಲವೆಂದು ಸಾರುವ ‘ವೀಗನ್’ ಚೀಟಿ ಅರ್ಧ ಕೆಲಸವನ್ನು ಮಾಡಿಕೊಡುತ್ತದೆ; ಆಲ್ಕೊಹಾಲಿನ ಮಾತನ್ನು ಅದು ಆಡುವುದಿಲ್ಲ. ಯಾವ ಮುದ್ರೆಯೂ ಇಲ್ಲದಿದ್ದರೆ ತಯಾರಕರಿಗೆ ಒಂದು ಪತ್ರ ಬರೆದು, ಗ್ಲಿಸರಿನ್ ಸಸ್ಯದ್ದೋ ಪ್ರಾಣಿಯದೋ ಎಂದು ಕೇಳಬಹುದು. ನೇರವಾದ ಪ್ರಶ್ನೆಗೆ ನೇರವಾಗಿ ಉತ್ತರಿಸದ ಕಂಪನಿಯ ಡಬ್ಬಿಯನ್ನು ಬಿಡುವುದೇ ಲೇಸು.

ತಾಯಂದಿರಿಗೆ ಮತ್ತೊಂದು ಮಾತು. ಹಲಾಲ್ ಆದುದೆಲ್ಲ ಆರೋಗ್ಯಕ್ಕೆ ಹಿತವೆಂದಲ್ಲ. ಹಳೆಯ ಕ್ರಮದ ಸುರ್ಮಾ ಎಷ್ಟೋ ವೇಳೆ ಸೀಸದ ಗಂಧಕವೇ ಆಗಿರುತ್ತದೆ. ಅದು ಮಕ್ಕಳ ರಕ್ತ ಸೇರಿದರೆ ಬುದ್ಧಿಯ ಬೆಳವಣಿಗೆಗೇ ಪೆಟ್ಟು. ‘ಕರಿಯ ಮೆಹಂದಿ’ ಎಂದು ಜಾತ್ರೆಯಲ್ಲಿ ಮಾರುವುದರಲ್ಲಿ ಕೂದಲಿಗೆ ಹಾಕುವ ಪಿ.ಪಿ.ಡಿ. ಎಂಬ ರಾಸಾಯನಿಕವನ್ನು ಬೆರೆಸುವುದುಂಟು, ಅದರಿಂದ ಕೈಯೆಲ್ಲ ಬೊಕ್ಕೆಯೇಳುತ್ತದೆ. ನಿಜವಾದ ಮದರಂಗಿ ಎಂದೂ ಕಪ್ಪಾಗಿರುವುದಿಲ್ಲ. ಹಚ್ಚಿದ ದಿನ ಕಿತ್ತಳೆ, ಮರುದಿನ ಕಂದುಗೆಂಪು.