ದನಿಗೆ ದಾರಿ ಮಾಡುವ ಕೈಗಳು

ಭಾವಗೀತೆಯೊಂದರ ಧ್ವನಿಮುದ್ರಣ ಮುಗಿದಾಗ ಕೈಗೆ ಸಿಗುವುದು ಬಿಡಿಬಿಡಿ ದನಿಗಳು. ಗಾಯಕಿಯ ಕಂಠ ಒಂದು ಟ್ರ್ಯಾಕಿನಲ್ಲಿ, ಕೊಳಲು ಇನ್ನೊಂದರಲ್ಲಿ. ತಬಲಕ್ಕೆ ಎರಡು ಮೈಕ್ ಇಟ್ಟಿದ್ದರೆ ದಾಯಾ ಒಂದು ಕಡೆ, ಡಗ್ಗಾ ಒಂದು ಕಡೆ. ಇವನ್ನೆಲ್ಲ ಹದವಾಗಿ ಬೆರೆಸುವುದೇ ಮಿಕ್ಸಿಂಗ್.

ರೀಪರ್, ಲಾಜಿಕ್, ಪ್ರೊ ಟೂಲ್ಸ್‌ನಂಥ ತಂತ್ರಾಂಶಗಳಲ್ಲಿ ಪ್ರತಿ ಟ್ರ್ಯಾಕೂ ತಾನಾಗಿಯೇ ‘ಮಾಸ್ಟರ್’ ಎಂಬ ಕೊನೆಯ ಚಾನೆಲ್‌ಗೆ ಹೋಗಿ ಸೇರುತ್ತದೆ. ಪಳಗಿದ ಎಂಜಿನಿಯರ್ ಅದನ್ನು ಹಾಗೆಯೇ ಬಿಡುವುದಿಲ್ಲ. ಯಾವ ದನಿ ಯಾವುದರ ಜೊತೆ ಕೂಡಬೇಕು ಎಂದು ಮೊದಲೇ ಯೋಚಿಸಿ, ನಡುವೆ ‘ಬಸ್’ಗಳನ್ನು ಕಟ್ಟುತ್ತಾರೆ. ಬಸ್ ಎಂದರೆ ಹಲವು ದನಿಗಳು ಬಂದು ಕೂಡುವ ಚಾನೆಲ್. ‘ಎಲ್ಲರಿಗಾಗಿ’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರಿದು. ರಸ್ತೆಯ ಬಸ್ಸಿಗೂ ಅದೇ ಮೂಲ.

ತಬಲದ ಬಸ್ಸನ್ನೇ ನೋಡಿ. ದನಿ ಗೊತ್ತುಪಡಿಸಿದ ಮಟ್ಟ ಮೀರಿದಾಗ ಅದನ್ನು ತಗ್ಗಿಸುವ ಸಾಧನ ಕಂಪ್ರೆಸರ್. ಎರಡು ಮೈಕುಗಳಿಗೂ ಬೇರೆಬೇರೆ ಕಂಪ್ರೆಸರ್ ಹಾಕಿದರೆ, ವಾದಕರು ಎರಡೂ ಕೈಗಳ ನಡುವೆ ಕಾಪಾಡಿಕೊಂಡ ತೂಕ ಪೆಟ್ಟುಪೆಟ್ಟಿಗೂ ಏರುಪೇರಾಗುತ್ತದೆ. ಬಸ್ಸಿನ ಮೇಲೆ ಒಂದೇ ಹಾಕಿದರೆ ಎರಡೂ ಒಟ್ಟಿಗೆ ತಗ್ಗುತ್ತವೆ, ಒಟ್ಟಿಗೆ ಏಳುತ್ತವೆ. ಅಲ್ಲಿಯೂ ಸೂಕ್ಷ್ಮವಿದೆ. ಕಂಪ್ರೆಸರ್ ಎಷ್ಟು ಬೇಗ ಹಿಡಿಯಬೇಕೆಂಬುದನ್ನು 2 ಮಿಲಿಸೆಕೆಂಡಿಗೆ ಇಟ್ಟರೆ, ಅಂಚಿನ ಮೇಲೆ ಬೀಳುವ ‘ನಾ’ ಮೊಂಡಾಗುತ್ತದೆ. 30ಕ್ಕೆ ಇಟ್ಟರೆ ಆ ಮೊದಲ ಠಣತ್ಕಾರ ದಾಟಿಹೋಗಿ, ಹಿಂದಿನ ನಾದ ಮಾತ್ರ ಹಿಡಿತಕ್ಕೆ ಸಿಗುತ್ತದೆ.

ಇನ್ನೊಂದು ದಾರಿ ‘ಸೆಂಡ್’. ಕಾಲುವೆಗೆ ತೂಬು ಇಟ್ಟಂತೆ ದನಿಯ ಒಂದು ಪಾಲನ್ನು ಬೇರೆಡೆ ಹರಿಸುವುದು. ಆದರೆ ನೀರಿನಂತಲ್ಲದೆ ಇಲ್ಲಿ ಮೂಲದ ಹರಿವು ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಹಿಂದೆ ಹಾಗೆ ಹರಿಸುತ್ತಿದ್ದುದು ನಿಜವಾದ ಕೋಣೆಗೆ. 1947ರಲ್ಲಿ ಶಿಕಾಗೊದ ಎಂಜಿನಿಯರ್ ಬಿಲ್ ಪುಟ್ನಮ್, ಹಾರ್ಮೋನಿಕ್ಯಾಟ್ಸ್ ತಂಡದ ಧ್ವನಿಮುದ್ರಣಕ್ಕೆ ಸ್ನಾನದ ಕೋಣೆಯೊಂದನ್ನೇ ಅನುರಣನದ ಕೋಣೆಯಾಗಿ ಬಳಸಿದರು. ಇಂಥ ಕೋಣೆಗೆ ಸ್ಪೀಕರಿನಿಂದ ದನಿ ಕಳುಹಿಸಿ, ಗೋಡೆಗಳಿಗೆ ತಾಗಿ ಮರಳಿದ್ದನ್ನು ಮೈಕಿನಲ್ಲಿ ಹಿಡಿದು ಮೂಲಕ್ಕೆ ಬೆರೆಸಬೇಕು. ಈಗ ಕೋಣೆಯ ಜಾಗದಲ್ಲಿ ರಿವರ್ಬ್ ಎಂಬ ತಂತ್ರಾಂಶವಿದೆ, ದಾರಿ ಅದೇ. ಕಂಠ, ಕೊಳಲು, ಪಿಟೀಲು ಮೂರೂ ತಂತಮ್ಮ ಅಳತೆಯಲ್ಲಿ ಒಂದೇ ರಿವರ್ಬಿಗೆ ಹೋಗುವುದರಿಂದ, ಬೇರೆಬೇರೆ ದಿನ ನುಡಿಸಿದವರೂ ಒಂದೇ ಸಭಾಂಗಣದಲ್ಲಿ ಕುಳಿತಂತೆ ಕೇಳಿಸುತ್ತದೆ. ನನಗೆ ಈ ಕಸುಬಿನಲ್ಲಿ ಅತಿ ಸೊಗಸಾಗಿ ಕಾಣುವುದು ಇದೇ.

ಸೆಂಡನ್ನು ಸಾಮಾನ್ಯವಾಗಿ ಫೇಡರಿನ, ಅಂದರೆ ದನಿಯ ಮಟ್ಟ ಏರಿಸಿ ಇಳಿಸುವ ಜಾರುಗುಂಡಿಯ, ನಂತರ ಜೋಡಿಸುತ್ತಾರೆ. ಮೊದಲೇ ಜೋಡಿಸಿದರೆ ಕಂಠವನ್ನು ಪೂರ್ತಿ ಇಳಿಸಿದರೂ ಅದರ ಅನುರಣನ ಮಾತ್ರ ದೂರದಲ್ಲಿ ಅಲೆಯುತ್ತಿರುತ್ತದೆ. ರಿವರ್ಬಿನಿಂದ ಬಂದ ದನಿಯಲ್ಲಿ ಮಂದ್ರದ ಭಾಗವನ್ನು ಸೋಸಿ ತೆಗೆಯುತ್ತಾರೆ, ಇಲ್ಲದಿದ್ದರೆ ಡಗ್ಗಾದ ಗುಂಗು ಅದರಲ್ಲಿ ಕಲಸಿಹೋಗುತ್ತದೆ. ಅನುರಣನವನ್ನು 40 ಮಿಲಿಸೆಕೆಂಡಿನಷ್ಟು ತಡವಾಗಿ ಶುರುಮಾಡಿದರೆ ಸಾಹಿತ್ಯದ ವ್ಯಂಜನಗಳು ಮಸುಕಾಗದೆ ಉಳಿಯುತ್ತವೆ.

ಎಲ್ಲ ಬಸ್‌ಗಳೂ ಕಡೆಗೆ ಮಾಸ್ಟರಿಗೆ ಬರುತ್ತವೆ. ಒಂದೇ ದನಿಯ ಎರಡು ಪ್ರತಿ ಕೂಡಿದರೆ ಮಟ್ಟ 6 ಡೆಸಿಬೆಲ್ ಏರುತ್ತದೆ; ಹೀಗೆ ಕೂಡುತ್ತಾ ಹೋದದ್ದು ಗರಿಷ್ಠ ಮಿತಿಯಾದ 0 ದಾಟಿದರೆ ಕಡತದಲ್ಲಿ ದನಿ ಒಡೆಯುತ್ತದೆ. ಅದಕ್ಕೆಂದು ಮೊದಲಿನಿಂದಲೇ ಜಾಗ ಬಿಟ್ಟು ಬಂದಿರಬೇಕು. ಆಮೇಲೂ ಕೆಲಸ ಉಳಿದಿರುತ್ತದೆ. ಪಲ್ಲವಿಯ ಕೊನೆಯ ಅಕ್ಷರದ ಮೇಲೆ ಮಾತ್ರ ಸೆಂಡ್ ತುಸು ಏರಿ, ಮುಂದಿನ ಸಾಲು ಬರುವ ಮುನ್ನ ಇಳಿಯುವಂತೆ ಮೌಸಿನಿಂದ ಒಂದು ಸಣ್ಣ ಗೆರೆ ಎಳೆದು, ಕಣ್ಣು ಮುಚ್ಚಿ ಮತ್ತೆ ಕೇಳುತ್ತಾರೆ.