ಮಕ್ಕಳು ಬಿಟ್ಟುಹೋದ ಜೀವಕೋಶಗಳು

ಚಂದ್ರನ ಮೇಲೆ ಪ್ರಥಮವಾಗಿ ಕಾಲಿರಿಸಿದ ನೀಲ್ ಆರ್ಮ್‌ಸ್ಟ್ರಾಂಗರ ಹೆಸರನ್ನು ಅರಿಯದವರಿಲ್ಲ. ಆದರೆ ಆ ಯಾತ್ರೆಗೆ ಏಳು ವರ್ಷ ಮೊದಲು, 1962ರ ಜನವರಿಯಲ್ಲಿ, ಅವರ ಎರಡು ವರ್ಷದ ಮಗಳು ಕರೆನ್ ಮೆದುಳುಕಾಂಡದ ಗಡ್ಡೆಯಿಂದ ತೀರಿಕೊಂಡಳೆಂಬುದನ್ನು ಬಲ್ಲವರು ವಿರಳ. ಮೆದುಳುಕಾಂಡದ ‘ಪಾನ್ಸ್’ ಎಂಬ ಭಾಗದಲ್ಲಿ ಹಬ್ಬುವ ಈ ಬಗೆಯ ಗಡ್ಡೆಯನ್ನು ಇಂದು ಡಿ.ಐ.ಪಿ.ಜಿ. ಎಂದು ಕರೆಯುತ್ತಾರೆ. ಪತ್ತೆಯಾದ ಬಳಿಕ ಬಹುಪಾಲು ಮಕ್ಕಳು ಒಂದು ವರ್ಷದೊಳಗೆ ಅಸುನೀಗುತ್ತಾರೆ. ವಿಕಿರಣ ಚಿಕಿತ್ಸೆಯಿಂದ ದೊರೆಯುವುದು ಕೆಲವು ತಿಂಗಳ ಉಪಶಮನ ಮಾತ್ರ.

ಇದನ್ನು ಕತ್ತರಿಸಿ ತೆಗೆಯುವಂತಿಲ್ಲ. ಉಸಿರಾಟ, ನುಂಗುವಿಕೆ, ಕಣ್ಣಿನ ಚಲನೆಗಳನ್ನು ನಿಯಂತ್ರಿಸುವ ನರತಂತುಗಳ ನಡುವೆ, ಹಾಲಿನಲ್ಲಿ ನೀರು ಬೆರೆತಂತೆ, ರೋಗಕೋಶಗಳು ಬೆರೆತಿರುತ್ತವೆ. ಎಂ.ಆರ್.ಐ. ಚಿತ್ರದಿಂದಲೇ ರೋಗನಿರ್ಣಯ ಸಾಧ್ಯವಾಗುತ್ತಿದ್ದುದರಿಂದ, ತುಣುಕು ತೆಗೆದು ಪರೀಕ್ಷಿಸುವ ಅಪಾಯಕ್ಕೂ ವೈದ್ಯರು ಬಹುಕಾಲ ಕೈಹಾಕಲಿಲ್ಲ. ಹೀಗಾಗಿ ಸಂಶೋಧಕರಿಗೆ ಜೀವಕೋಶಗಳೇ ದೊರೆಯಲಿಲ್ಲ. ವಯಸ್ಕರ ಗಡ್ಡೆಗಳಿಗೆ ಬಳಸುತ್ತಿದ್ದ ಔಷಧಗಳನ್ನು ಮಕ್ಕಳಿಗೂ ಕೊಟ್ಟು ನೋಡಿದರು, ಫಲ ಕಾಣಲಿಲ್ಲ.

ಈ ಕಗ್ಗಂಟನ್ನು ಸಡಿಲಿಸಿದವರು ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು. ಮರಣಾನಂತರ ಅವರು ದಾನವಿತ್ತ ಅಂಗಾಂಶದಿಂದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಿಶೆಲ್ ಮೊಂಜೆ ಮತ್ತು ಸಂಗಡಿಗರು ಜೀವಕೋಶಗಳನ್ನು ಬೆಳೆಸಿ, 2011ರಲ್ಲಿ ವರದಿ ಪ್ರಕಟಿಸಿದರು. ಈ ಕಾರ್ಯಕ್ಕೆ ಕಾಲಾವಕಾಶ ಕೆಲವೇ ಗಂಟೆಗಳು. ಅಂಗಾಂಶವನ್ನು ಬಿಡಿಬಿಡಿಯಾಗಿಸಿ, ಪೋಷಕ ದ್ರವದಲ್ಲಿರಿಸಿ, 37 ಡಿಗ್ರಿ ಶಾಖದಲ್ಲಿ ಕಾಪಾಡಬೇಕು. ಹಿಂದಿನ ಪದ್ಧತಿಯಂತೆ ಕರುವಿನ ರಕ್ತಸಾರ ಬೆರೆಸಿದರೆ ಕೋಶಗಳು ತಮ್ಮ ಮೂಲಗುಣವನ್ನೇ ಕಳೆದುಕೊಳ್ಳುವುದುಂಟು. ಆದ್ದರಿಂದ ಅದನ್ನು ಬಿಟ್ಟು, ಬೆಳವಣಿಗೆಯ ಪ್ರೋಟೀನುಗಳನ್ನಷ್ಟೇ ಸೇರಿಸುತ್ತಾರೆ. ಆಗ ಅವು ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತ ವೃದ್ಧಿಸುತ್ತವೆ. ಒಂದರ ಹೆಸರಿನಲ್ಲಿ ಮತ್ತೊಂದು ಬೆಳೆಯುವ ಪ್ರಮಾದವೂ ಪ್ರಯೋಗಶಾಲೆಗಳಲ್ಲಿ ನಡೆದಿದೆ. ನಾವು ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸುವಂತೆ, ಅವರು ಡಿ.ಎನ್.ಎ. ಗುರುತನ್ನು ಆಗಾಗ ತಾಳೆ ನೋಡುತ್ತಾರೆ.

ಈ ಕೋಶಗಳ ಮೇಲೆ 83 ಔಷಧಗಳನ್ನು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಹೊರಬಂದಿತು. ಪ್ಯಾನೊಬಿನೊಸ್ಟಾಟ್ ಭರವಸೆ ಮೂಡಿಸಿತಾದರೂ ಗಾಜಿನ ತಟ್ಟೆಗೂ ಮಗುವಿನ ತಲೆಗೂ ಅಂತರ ಬಹಳ. ರಕ್ತದಿಂದ ಮೆದುಳಿಗೆ ಔಷಧವನ್ನು ನುಸುಳಗೊಡದ ತಡೆಗೋಡೆ ತಟ್ಟೆಯಲ್ಲಿಲ್ಲ. ಔಷಧದ ದುಷ್ಪರಿಣಾಮಗಳನ್ನು ಸಹಿಸಬೇಕಾದ ದೇಹವೂ ಅಲ್ಲಿಲ್ಲ. ಈ ಕೊರತೆಯನ್ನು ಕೊಂಚ ತುಂಬಲೆಂದೇ ಕೋಶಗಳನ್ನು ಇಲಿಯ ಮೆದುಳಿಗೂ ಸೇರಿಸಿ ಪರೀಕ್ಷಿಸುವುದು.

ಇವೇ ಕೋಶಗಳ ಮೈಮೇಲೆ ಜಿಡಿ-2 ಎಂಬ ವಸ್ತು ಹೇರಳವಾಗಿದೆಯೆಂಬುದು 2018ರಲ್ಲಿ ಪ್ರಕಟವಾಯಿತು. ಅದನ್ನು ಗುರುತಿಸಿ ದಾಳಿಮಾಡುವಂತೆ ಮಾರ್ಪಡಿಸಿದ ರೋಗಿಯ ಸ್ವಂತ ರಕ್ಷಣಾಕೋಶಗಳನ್ನು ಅವನಿಗೇ ಮರಳಿ ನೀಡುವ ಚಿಕಿತ್ಸೆ ಪ್ರಯೋಗಕ್ಕೆ ಬಂದಿತು. 2024ರ ವರದಿಯಂತೆ, ಅದನ್ನು ಪಡೆದ 11 ರೋಗಿಗಳ ಪೈಕಿ ನಾಲ್ವರ ಗಡ್ಡೆ ಅರ್ಧಕ್ಕಿಂತಲೂ ಹೆಚ್ಚು ಕುಗ್ಗಿತು. ಅವರಲ್ಲೊಬ್ಬರ ಗಡ್ಡೆ ಪೂರ್ಣವಾಗಿ ಮರೆಯಾಯಿತು.